ಕಂಬದ ಹಿಂದಿದ್ದ ಕಡಲು

ಅಂಗೈ ಅಗಲದ ಕಾಂಕ್ರೀಟ್ ಚೂರೊಂದು ನನ್ನ ಭುಜ ಸವರಿಕೊಂಡು ಮೆಟ್ಟಿಲ ಮೇಲೆ ಬಿತ್ತು. ನೋವೇನೂ ಆಗಲಿಲ್ಲ. ತಲೆ ಎತ್ತಿ ನೋಡಿದೆ. ಛಾವಣಿಯ ತಳದಲ್ಲಿ ಕಬ್ಬಿಣದ ಸರಳು ಇಣುಕುತ್ತಿತ್ತು. ಅದನ್ನು ಸರಳು ಅನ್ನೋದೂ ಕಷ್ಟ, ಪದರ ಪದರವಾಗಿ ಎದ್ದ ತುಕ್ಕು ಅದು. ಉಗುರಿನಲ್ಲಿ ಕೆರೆದರೆ ಪುಡಿಪುಡಿಯಾಗಿ ಉದುರಿತು.

ಬೀಚಿನಲ್ಲಿ ಲೈಫ್‌ಗಾರ್ಡ್ ಆಗಿ 14 ವರ್ಷ ಅದೇ ಕಾವಲು ಟವರಿನಲ್ಲಿ ಕೂತಿದ್ದೇನೆ. ಅದಕ್ಕೆ ಬಣ್ಣ ಬಳಿದದ್ದು, ತೇಪೆ ಹಾಕಿದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಅದರ ಕೆಳಗೆ ನಿಲ್ಲೋಕೆ ಹೆದರಿಕೆಯಾಗಿದ್ದು ಮಾತ್ರ ಆವತ್ತೇ ಮೊದಲು.

ಅದೇ ವಾರ ಅರ್ಜಿ ಬರೆದೆವು. ಅದು ನಮ್ಮ ಐದನೇ ಅರ್ಜಿ. ಈ ಸಲ ಕಾಗದದ ಜೊತೆ ಆ ಚೂರನ್ನೂ ಒಂದು ಕವರಿನಲ್ಲಿ ಹಾಕಿ ಸಾಹೇಬರ ಮೇಜಿನ ಮೇಲೆ ಇಟ್ಟು ಬಂದೆ. ನಾಲ್ಕು ಅರ್ಜಿ ಮಾಡದ ಕೆಲಸವನ್ನು ಆ ಚೂರು ಮಾಡಿತು. ಹತ್ತು ದಿನಕ್ಕೆ ಒಬ್ಬರು ಇಂಜಿನಿಯರ್ ಮೇಡಂ ಬಂದರು. ಕೈಯಲ್ಲಿ ಸಣ್ಣ ಸುತ್ತಿಗೆ. ಕಂಬ, ತೊಲೆ, ಛಾವಣಿ ಎಲ್ಲ ಟಕ್ ಟಕ್ ಅಂತ ಬಡಿಯುತ್ತಾ ಹೋದರು. ಗಟ್ಟಿ ಇದ್ದ ಕಡೆ ಒಂದು ಸದ್ದು, ಒಳಗೆ ಬಿಟ್ಟುಕೊಂಡ ಕಡೆ ಟೊಳ್ಳು ಸದ್ದು. ಕೊನೆಕೊನೆಗೆ ನಮಗೇ ಗೊತ್ತಾಗೋಕೆ ಶುರುವಾಯಿತು, ಎಲ್ಲಿ ನೋಡಿದರೂ ಟೊಳ್ಳೇ.

ಕಾರಣವನ್ನೂ ಹೇಳಿದರು. ಉಪ್ಪುಗಾಳಿಯ ಉಪ್ಪು ವರ್ಷಗಟ್ಟಲೆ ಕಾಂಕ್ರೀಟಿನೊಳಗೆ ಇಳಿಯುತ್ತಾ ಹೋಗಿ ಸರಳನ್ನು ಮುಟ್ಟುತ್ತದೆ. ಸರಳು ತುಕ್ಕಾಗುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಜಾಗ ಬೇಕು. ಒಳಗಿನಿಂದಲೇ ಒತ್ತಿ ಕಾಂಕ್ರೀಟನ್ನು ಸೀಳಿಬಿಡುತ್ತದೆ. "ತೇಪೆ ಹಾಕಿದ್ದೂ ಒಂದು ತಪ್ಪೇ" ಅಂದರು. ಕೆಟ್ಟ ಜಾಗ ಮಾತ್ರ ಕಿತ್ತು ಹೊಸ ಸಿಮೆಂಟ್ ಹಾಕಿದರೆ ಅದರ ಪಕ್ಕದ ಹಳೆ ಭಾಗದಲ್ಲಿ ತುಕ್ಕು ಇನ್ನೂ ಜೋರಾಗುತ್ತದಂತೆ. ಪ್ರತಿ ವರ್ಷ ತೇಪೆಯ ಅಂಚಿನಲ್ಲೇ ಹೊಸ ಬಿರುಕು ಯಾಕೆ ಬರುತ್ತಿತ್ತು ಅನ್ನೋದು ಆವತ್ತು ತಿಳಿಯಿತು. ನಾವು ಇಷ್ಟು ದಿನ ಮೇಸ್ತ್ರಿಯನ್ನು ಬೈದುಕೊಂಡಿದ್ದೆವು.

ಬುಡದ ಸ್ಥಿತಿಯೂ ಅಷ್ಟೇ. ಟವರ್ ಕಟ್ಟಿದಾಗ ಕಡಲು ದೂರ ಇತ್ತಂತೆ. ಈಗ ಉಬ್ಬರದಲ್ಲಿ ಅಲೆ ಬುಡಕ್ಕೇ ಬಡಿಯುತ್ತಿತ್ತು. ಕೆಳಗಿನ ಎರಡು ಮೆಟ್ಟಿಲ ಅಡಿಯ ಮರಳು ಕೊಚ್ಚಿ ಹೋಗಿ ಅವು ಗಾಳಿಯಲ್ಲಿ ತೂಗುತ್ತಿದ್ದವು.

ಕೆಡವೋದು ಅಂತ ತೀರ್ಮಾನವಾಯಿತು. ಆಮೇಲಿನ ಕಾಗದಪತ್ರದ ಓಡಾಟ ಬರೆಯುವುದಿಲ್ಲ. ಯಾವ ಕಚೇರಿಯ ಮೆಟ್ಟಿಲು ಹತ್ತಿದವರಿಗಾದರೂ ಅದು ಗೊತ್ತು.

ಮೊದಲ ನಕ್ಷೆ ಬಂದಾಗ ನಮ್ಮನ್ನೂ ಸಭೆಗೆ ಕರೆದರು. ಚಂದದ ನಕ್ಷೆ. ದುಂಡಗೆ, ದೀಪಸ್ತಂಭದ ಥರ ಎರಡು ಅಂತಸ್ತು. ಮೇಲೆ ಜನ ನಿಂತು ಸೂರ್ಯಾಸ್ತ ನೋಡೋಕೆ ಗ್ಯಾಲರಿ. ಕೆಳಗೆ ಕಚೇರಿ. ಒಬ್ಬರು ಅಮೆರಿಕದ ಮಯಾಮಿ ಬೀಚಿನ ಫೋಟೋ ತಂದಿದ್ದರು. ಅಲ್ಲಿ 1992ರ ಆಂಡ್ರ್ಯೂ ಚಂಡಮಾರುತದ ನಂತರ ಲೈಫ್‌ಗಾರ್ಡ್ ಟವರುಗಳನ್ನು ಹೊಸದಾಗಿ ಕಟ್ಟುವಾಗ ಒಂದೊಂದಕ್ಕೆ ಒಂದೊಂದು ಬಣ್ಣ, ಒಂದೊಂದು ಆಕಾರ ಕೊಟ್ಟರು. ಈಗ ಜನ ಅವನ್ನು ನೋಡೋಕೇ ಹೋಗುತ್ತಾರೆ. ಚಂದ ಬೇಡ ಅಂತ ನಾನೂ ಹೇಳಲಿಲ್ಲ. ಗಾಢ ಬಣ್ಣ ಇದ್ದರೆ ಕಳೆದುಹೋದ ಮಗುವೂ "ಹಳದಿ ಮನೆ ಹತ್ತಿರ ಇದ್ವಿ" ಅಂತ ಹೇಳೀತು. ಅದು ಕೆಲಸದ ವಿಷಯವೇ.

ಆದರೆ ನಕ್ಷೆಯನ್ನು ಎಷ್ಟು ಹುಡುಕಿದರೂ ನನಗೆ ಬೇಕಾದ್ದು ಸಿಗಲಿಲ್ಲ. ಕೊನೆಗೆ ಕೇಳಿಯೇಬಿಟ್ಟೆ. "ಕುರ್ಚಿ ಎಲ್ಲಿ, ಮೇಡಂ?"

"ಯಾವ ಕುರ್ಚಿ?"

"ನಾವು ಕೂರೋದು."

ಗ್ಯಾಲರಿಗೆ ಬೆಂಚು ಬರೆದಿದ್ದರು. ಕಚೇರಿಗೆ ಮೇಜು, ಫೈಲಿನ ಬೀರು ಬರೆದಿದ್ದರು. ಕಡಲು ನೋಡುವವನ ಕುರ್ಚಿಯನ್ನು ಮಾತ್ರ ಯಾರೂ ಬರೆದಿರಲಿಲ್ಲ. ಸಭೆಯಲ್ಲಿ ಯಾರೋ ನಕ್ಕರು. ಮೇಡಂ ನಗಲಿಲ್ಲ. ಪೆನ್ಸಿಲ್ ನನ್ನ ಕೈಗೆ ಕೊಟ್ಟು, "ನೀವೇ ಗುರುತು ಮಾಡಿ, ಅಲ್ಲಿಂದ ಶುರು ಮಾಡೋಣ" ಅಂದರು.

ಗುರುತು ಮಾಡಿದೆ. ಆ ಚುಕ್ಕೆಯಿಂದ ಕಡಲಿನ ಕಡೆಗೆ ಗೆರೆ ಎಳೆದರೆ, ಎಡಕ್ಕೆ ಎಳೆದ ಗೆರೆ ನೇರ ಒಂದು ಕಂಬಕ್ಕೆ ಹೋಗಿ ಬಡಿಯಿತು. ಆಗ ನನಗೆ ಹಳೆ ಟವರಿನ ಕಂಬ ನೆನಪಾಯಿತು. ಅದರ ವಿಷಯ ನಾನು ಅಲ್ಲಿಯವರೆಗೆ ಯಾವ ಅರ್ಜಿಯಲ್ಲೂ ಬರೆದಿರಲಿಲ್ಲ.

ಹಳೆ ಟವರಿನ ಎಡ ಮುಂಗಂಬ ಒಂದೂವರೆ ಅಡಿ ಅಗಲ. ಕುರ್ಚಿಯಲ್ಲಿ ಕೂತರೆ ಅದರ ಹಿಂದೆ ಕಡಲಿನ ಒಂದು ದೊಡ್ಡ ತುಂಡು ಮರೆಯಾಗುತ್ತಿತ್ತು. ಅದು ನಮಗೆಲ್ಲ ಗೊತ್ತಿತ್ತು. ಹೊಸ ಹುಡುಗರು ಬಂದರೆ ನಾವೇ ಹೇಳಿಕೊಡುತ್ತಿದ್ದೆವು, "ಆಗಾಗ ಎಡಕ್ಕೆ ಬಾಗಿ ನೋಡ್ತಿರು." ನನಗಂತೂ ಬಾಗೋದು ಉಸಿರಾಡಿದಷ್ಟು ಸಹಜ ಆಗಿಬಿಟ್ಟಿತ್ತು. ಒಂದು ಕಾಲದಲ್ಲಿ ಅದರಿಂದ ತೊಂದರೆಯೂ ಇರಲಿಲ್ಲ, ಯಾಕೆಂದರೆ ಸೆಳೆತ ಇದ್ದದ್ದು ಬಲಗಡೆ.

ಸೆಳೆತ ಅಂದರೆ ರಿಪ್ ಕರೆಂಟ್. ದಡಕ್ಕೆ ಬಂದ ಅಲೆಯ ನೀರು ವಾಪಸ್ ಹೋಗೋಕೆ ಒಂದು ದಾರಿ ಹುಡುಕುತ್ತದೆ. ನೀರಿನಡಿಯ ಮರಳಿನ ದಿಬ್ಬದಲ್ಲಿ ಎಲ್ಲಿ ತಗ್ಗು ಇದೆಯೋ ಅಲ್ಲಿ ಕಾಲುವೆಯ ಹಾಗೆ ಹೊರಗೆ ಹರಿಯುತ್ತದೆ. ಜೋರಿದ್ದಾಗ ಸೆಕೆಂಡಿಗೆ 2 ಮೀಟರ್ ದಾಟುತ್ತದೆ. ಅದರ ಎದುರು ಈಜಿ ದಡ ಸೇರುತ್ತೇನೆ ಅಂದರೆ ಒಳ್ಳೆ ಈಜುಗಾರನೂ ಸೋಲುತ್ತಾನೆ. ಕೆಟ್ಟದ್ದು ಏನಂದ್ರೆ, ಆ ಜಾಗ ನೋಡೋಕೆ ಶಾಂತ. ಅಲ್ಲಿ ಅಲೆ ಒಡೆಯುವುದು ಕಡಿಮೆ, ನೀರು ಸ್ವಲ್ಪ ಕಪ್ಪು. ಮಕ್ಕಳನ್ನು ಕರೆದುಕೊಂಡು ಬಂದವರು "ಇಲ್ಲಿ ಅಲೆ ಇಲ್ಲ" ಅಂತ ಅಲ್ಲೇ ಇಳಿಯುತ್ತಾರೆ.

ಮರಳಿನ ದಿಬ್ಬ ಒಂದೇ ಕಡೆ ಇರಲ್ಲ. ಮೂರು ವರ್ಷದ ಹಿಂದೆ ಬಲಗಡೆಯ ತಗ್ಗು ತುಂಬಿಕೊಂಡಿತು, ಎಡಕ್ಕೆ ಹೊಸದು ಬಿದ್ದಿತು. ಸರಿಯಾಗಿ ಕಂಬದ ಹಿಂದೆ.

ಆಮೇಲೆ ಒಂದು ದಿನ ಮಧ್ಯಾಹ್ನ ಡ್ಯೂಟಿ ನನ್ನದೇ. ಬಲಗಡೆ ಗಾಳಿ ತುಂಬಿದ ಟ್ಯೂಬಿನಲ್ಲಿ ಇಬ್ಬರು ದೂರ ಹೋಗುತ್ತಿದ್ದರು. ಸೀಟಿ ಊದಿ, ಕೈಬೀಸಿ ಅವರನ್ನು ವಾಪಸ್ ಕರೆಸುವುದರಲ್ಲಿ ಎಡಕ್ಕೆ ಬಾಗೋದು ತಪ್ಪಿತು. ಎಷ್ಟು ಹೊತ್ತು? ಅರ್ಧ ನಿಮಿಷ ಇರಬಹುದು. ಮುಳುಗುವವರು ಸಿನಿಮಾದಲ್ಲಿ ಕೂಗುತ್ತಾರೆ. ನಿಜದಲ್ಲಿ ಕೂಗೋಕೆ ಉಸಿರೇ ಸಿಗಲ್ಲ. ತಲೆ ಹಿಂದಕ್ಕೆ ವಾಲುತ್ತದೆ, ಬಾಯಿ ನೀರಿನ ಮಟ್ಟದಲ್ಲಿ ಏಳುತ್ತಾ ಮುಳುಗುತ್ತಾ ಇರುತ್ತದೆ, ಕೈ ನೀರನ್ನು ಕೆಳಗೆ ಒತ್ತುತ್ತಿರುತ್ತದೆ. ಈಜು ಬರದವರು ಹೀಗೆ ಮೇಲಿರೋದು 20ರಿಂದ 60 ಸೆಕೆಂಡು ಅಂತ ಫ್ರಾಂಕ್ ಪಿಯಾ ಅನ್ನುವ ಅಮೆರಿಕದ ಲೈಫ್‌ಗಾರ್ಡ್ ಗಮನಿಸಿ ಬರೆದಿದ್ದಾರೆ. ನಮ್ಮ ತರಬೇತಿಯಲ್ಲೂ ಅದೇ ಪಾಠ.

ಆ ಹುಡುಗನನ್ನು ಕಂಡದ್ದು ನಾನಲ್ಲ. ಕೆಳಗೆ ಮರಳಿನ ಮೇಲೆ ಸುತ್ತು ಹೊಡೆಯುತ್ತಿದ್ದ ನಮ್ಮ ಕಿರಿಯ. "ಅಣ್ಣಾ, ಎಡಕ್ಕೆ!" ಅಂತ ಕೂಗಿ ಅವನು ನೀರಿಗೆ ಬಿದ್ದಾಗಿತ್ತು. ನಾನು ಎದ್ದು ಕಂಬ ದಾಟಿ ನೋಡಿದರೆ ಒಂದು ತಲೆ, ಅದರ ಹಿಂದೆ ರೆಸ್ಕ್ಯೂ ಟ್ಯೂಬ್ ಎಳೆದುಕೊಂಡು ಹೋಗುತ್ತಿರುವ ಇವನು. ಹುಡುಗ ಬದುಕಿದ. ದಡದಲ್ಲಿ ಕೆಮ್ಮಿದ, ವಾಂತಿ ಮಾಡಿದ, ಅಳೋಕೆ ಶುರು ಮಾಡಿದ. ಅಳು ಕೇಳಿದರೆ ನಮಗೆ ಖುಷಿ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 14 ವರ್ಷ ಒಂದು ಕಂಬಕ್ಕೆ ಹೊಂದಿಕೊಂಡು ಬಾಗುವುದನ್ನು ಕಲಿತಿದ್ದೆ. ಕಂಬ ತೆಗೆಯಿರಿ ಅಂತ ಒಮ್ಮೆಯೂ ಕೇಳಿರಲಿಲ್ಲ.

ಇದನ್ನೆಲ್ಲ ಸಭೆಯಲ್ಲಿ ಹೇಳಿದೆ. ಹೇಳುವಾಗ ದನಿ ಸ್ವಲ್ಪ ಏರಿತ್ತೇನೋ. ಗ್ಯಾಲರಿಯ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಮುಂದಿನ ವಾರ ಮೇಡಂ ಕಬ್ಬಿಣದ ಪೈಪು ತರಿಸಿ ಬೀಚಿನಲ್ಲೇ ಒಂದು ಸಾರುವೆ ಕಟ್ಟಿಸಿದರು. ಹಲಗೆ ಹಾಕಿ, ನಮ್ಮ ಕಣ್ಣು ಉಬ್ಬರದ ನೀರಿನಿಂದ 3 ಮೀಟರ್, 5 ಮೀಟರ್, 7 ಮೀಟರ್ ಎತ್ತರಕ್ಕೆ ಬರುವ ಹಾಗೆ ಮೂರು ಅಟ್ಟ. ತಲೆಯಷ್ಟು ದೊಡ್ಡ ತೇಲುವ ಚೆಂಡಿಗೆ ಕಪ್ಪು ಬಣ್ಣ ಬಳಿದು, ಕಲ್ಲು ಕಟ್ಟಿ, ದಡದಿಂದ ಬೇರೆ ಬೇರೆ ದೂರದಲ್ಲಿ ಬಿಟ್ಟೆವು. ಒಬ್ಬೊಬ್ಬರಾಗಿ ಹತ್ತಿ ಎಣಿಸೋದು. ಪಕ್ಕದವನು ಏನು ಹೇಳಿದ ಅಂತ ಕೇಳಬಾರದು.

ಮೂರು ಮೀಟರಿನ ಅಟ್ಟದಿಂದ ಚೆಂಡುಗಳು ಕಣ್ಣಾಮುಚ್ಚಾಲೆ ಆಡಿದವು. ಅಲೆ ಏರಿದಾಗ ಮಾಯ, ಇಳಿದಾಗ ಪ್ರತ್ಯಕ್ಷ. ಐದಕ್ಕೆ ಹತ್ತಿದರೆ ಹೆಚ್ಚುಕಮ್ಮಿ ಎಲ್ಲವೂ ಕಂಡವು. ಏಳಕ್ಕೆ ಹೋದರೆ ಇನ್ನೊಂದು ಚೂರು ಮೇಲು, ಅಷ್ಟೇ.

ಯಾಕೆ ಹೀಗೆ ಅಂತ ಮೇಡಂ ಕೋಲು ತೆಗೆದುಕೊಂಡು ಮರಳಿನ ಮೇಲೆ ಗೆರೆ ಎಳೆದು ತೋರಿಸಿದರು. ನಿಮ್ಮಿಂದ 100 ಮೀಟರ್ ದೂರದಲ್ಲಿ 1 ಮೀಟರ್ ಎತ್ತರದ ಅಲೆ ಇದೆ ಅಂತಿಟ್ಟುಕೊಳ್ಳಿ. ಕಣ್ಣಿನಿಂದ ಅಲೆಯ ನೆತ್ತಿ ಮುಟ್ಟಿಸಿ ಗೆರೆ ಮುಂದುವರಿಸಿದರೆ ಅದು ನೀರನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿಯವರೆಗೆ ಎಲ್ಲ ಮರೆ. ಕಣ್ಣು 3 ಮೀಟರ್ ಎತ್ತರದಲ್ಲಿದ್ದರೆ ಅಲೆಯ ಹಿಂದೆ 50 ಮೀಟರ್ ನೀರು ಕಾಣಲ್ಲ. 5 ಮೀಟರ್ ಇದ್ದರೆ ಮರೆ 25ಕ್ಕೆ ಇಳಿಯುತ್ತದೆ. 7ಕ್ಕೆ ಹೋದರೆ ಸುಮಾರು 17. ಮೊದಲ ಎರಡು ಮೀಟರ್ ಏರಿದ್ದಕ್ಕೆ 25 ಮೀಟರ್ ಲಾಭ, ಆಮೇಲಿನ ಎರಡಕ್ಕೆ ಬರೀ 8. ನಾನು ಶಾಲೆಯಲ್ಲಿ ತ್ರಿಕೋನ ಕಂಡರೆ ಓಡುತ್ತಿದ್ದವನು. ಆ ಲೆಕ್ಕವನ್ನು ಮಾತ್ರ ಮನೆಗೆ ಹೋಗಿ ಮತ್ತೆ ಮಾಡಿ ನೋಡಿದೆ.

ಎತ್ತರ ಹೆಚ್ಚಿದಷ್ಟೂ ಇಳಿಯೋಕೆ ಹೊತ್ತು ಹೆಚ್ಚು. ಅದನ್ನೂ ಗಡಿಯಾರ ಹಿಡಿದು ಅಳೆದೆವು. ಆಗ ಹಳೆ ಟವರಿನ ಇನ್ನೊಂದು ತಪ್ಪು ಹೊರಬಿತ್ತು. ಅದರ ಏಣಿ ಕಡಿದು. ಇಳಿಯಬೇಕಾದರೆ ಏಣಿಯ ಕಡೆ ಮುಖ ಮಾಡಿ, ಕಡಲಿಗೆ ಬೆನ್ನು ಹಾಕಿ ಇಳಿಯಬೇಕು. ಕೆಳಗೆ ಬಂದು ತಿರುಗುವಷ್ಟರಲ್ಲಿ ಮೇಲಿಂದ ಕಂಡ ತಲೆ ಎಲ್ಲಿತ್ತು ಅನ್ನೋದೇ ತಪ್ಪಿಹೋಗಿರುತ್ತದೆ. ಕೆಳಗಿನಿಂದ ಕಡಲು ಬೇರೆಯದೇ ಕಡಲು. ಹೊಸದಕ್ಕೆ ಮೆಟ್ಟಿಲು ಕಡಲಿಗೆ ಮುಖ ಮಾಡಿ ಇಳಿಯುವ ಹಾಗಿರಲಿ, ಎರಡು ಕಡೆ ಹಿಡಿದುಕೊಳ್ಳೋಕೆ ಕಂಬಿ ಇರಲಿ, ಕಣ್ಣು ನೀರಿನ ಮೇಲಿಂದ ತೆಗೆಯದೆ ಓಡುವ ಹಾಗಿರಲಿ ಅಂದೆವು. ಒಪ್ಪಿದರು. 5 ಮೀಟರ್ ಅಂತ ತೀರ್ಮಾನವಾಯಿತು.

ಸೆಳೆತ ಜಾಗ ಬದಲಿಸುತ್ತದೆ ಅಂದಮೇಲೆ ಟವರ್ ಒಂದೇ ಕಡೆ ಬೇರೂರಿದರೆ ಏನು ಪ್ರಯೋಜನ ಅನ್ನೋ ಪ್ರಶ್ನೆ ಎತ್ತಿದವನು ನಮ್ಮ ಆ ಕಿರಿಯನೇ. ಅವನ ಮಾತಿನಿಂದ ಇಡೀ ಯೋಜನೆಯೇ ತಿರುಗಿತು. ಒಂದು ದೊಡ್ಡ ಕಟ್ಟಡದ ಬದಲು ಎರಡು ಭಾಗ. ಹಿಂದೆ, ಅಲೆ ಮುಟ್ಟದ ಎತ್ತರದಲ್ಲಿ, ಪ್ರಥಮ ಚಿಕಿತ್ಸೆಯ ಕೋಣೆ, ಸಾಮಾನಿನ ಕೋಣೆ, ಶೌಚಾಲಯ. ಮುಂದೆ, ಮರಳಿನ ಮೇಲೆ, ಜಾರುಪಟ್ಟಿಯ ಮೇಲೆ ನಿಂತ ಎರಡು ಹಗುರ ಟವರ್. ಟ್ರ್ಯಾಕ್ಟರ್ ಕಟ್ಟಿ ಎಳೆದರೆ ಬೇಕಾದ ಕಡೆ ಹೋಗುತ್ತವೆ. ಕಡಲು ಕೆರಳುವ ತಿಂಗಳಲ್ಲಿ ಹಿಂದಕ್ಕೆ ಎಳೆದು ಇಡಬಹುದು.

ಹಳೆಯದನ್ನು ಎರಡು ದಿನದಲ್ಲಿ ಕೆಡವಿದರು. ನಾನು ಮೊದಲ ದಿನ ಮಾತ್ರ ನೋಡಿದೆ.

ಹೊಸದು ಬರುವವರೆಗೆ ಒಂದು ಸೀಸನ್ ಪೂರ್ತಿ ನಮಗೆ ಟವರಿಲ್ಲ. ಎತ್ತರದ ಮರದ ಕುರ್ಚಿ ಎರಡು, ಒಂದು ಶೀಟಿನ ಶೆಡ್ಡು. ಕಾಣುವಷ್ಟೇ ಜಾಗ ಕಾಯೋಣ ಅಂತ ಕೆಂಪು-ಹಳದಿ ಬಾವುಟಗಳನ್ನು ಹತ್ತಿರಕ್ಕೆ ತಂದೆವು. ಮೇಲೆ ಕೆಂಪು, ಕೆಳಗೆ ಹಳದಿ ಇರುವ ಎರಡು ಬಾವುಟದ ನಡುವಿನ ನೀರನ್ನು ಲೈಫ್‌ಗಾರ್ಡ್ ಕಾಯುತ್ತಿದ್ದಾನೆ ಅಂತ ಅರ್ಥ. ಜಗತ್ತಿನ ಎಷ್ಟೋ ದೇಶಗಳಲ್ಲಿ ಇದೇ ಬಾವುಟ. ಜನರಿಗೆ ಇದನ್ನು ಹೇಳಿ ಹೇಳಿ ಗಂಟಲು ಬಿತ್ತು. "ಅಷ್ಟು ದೊಡ್ಡ ಕಡಲಲ್ಲಿ ಇಷ್ಟೇ ಜಾಗನಾ?" ಅಂತ ಒಬ್ಬರು ಜಗಳಕ್ಕೇ ಬಂದರು. ನಮಗಿರೋದು ಇಷ್ಟೇ ಕಣ್ಣು ಸರ್ ಅಂದೆ. ಗೊಣಗುತ್ತಾ ಬಾವುಟದ ಒಳಗೆ ಹೋದರು. ಸದ್ಯ.

ಕಟ್ಟುವಾಗ ಸಣ್ಣ ಸಣ್ಣ ವಿಷಯಕ್ಕೇ ಜಾಸ್ತಿ ತಲೆನೋವು. ಬೋಲ್ಟು ನೋಡಿ. ಕಾಗದದಲ್ಲಿ 316 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲ್ ಅಂತ ಬರೆದಿತ್ತು. ಬಂದದ್ದು 304. ಎರಡೂ ಹೊಳೆಯುತ್ತವೆ, ಕೈಯಲ್ಲಿ ಹಿಡಿದರೆ ವ್ಯತ್ಯಾಸ ಗೊತ್ತಾಗಲ್ಲ. 316ರಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಮ್ ಇರುತ್ತದೆ, ಉಪ್ಪಿಗೆ ಅದೇ ತಡೆ. ಕಂಟ್ರಾಕ್ಟರ್ "ಸ್ಟೀಲ್ ಸ್ಟೀಲೇ ಅಲ್ವಾ ಅಣ್ಣಾ" ಅಂದ. ನಾಲ್ಕೇ ತಿಂಗಳಿಗೆ ಬೋಲ್ಟಿನ ತಲೆಯ ಸುತ್ತ ಕಂದು ಕಲೆ ಇಳಿದಿತ್ತು. ಎಲ್ಲ ಬಿಚ್ಚಿಸಿ ಹೊಸದು ಹಾಕಿಸಿದೆವು. ಆಗ ಅವನ ಮುಖ ನೋಡಬೇಕಿತ್ತು.

ಗಾಜಿನದು ಇನ್ನೊಂದು ಕಥೆ. ಮೊದಲು ನೇರವಾಗಿ ನಿಲ್ಲಿಸಿದ್ದರು. ಸಂಜೆ ಒಳಗೆ ಕೂತರೆ ಕಡಲಿನ ಮೇಲೆ ನನ್ನದೇ ಬಿಳಿ ಅಂಗಿಯ ನೆರಳು, ಹಿಂದಿನ ಗೋಡೆಯ ಕ್ಯಾಲೆಂಡರ್ ಕೂಡ ನೀರಿನಲ್ಲಿ ತೇಲುತ್ತಿತ್ತು. ವಿಮಾನ ನಿಲ್ದಾಣದ ಕಂಟ್ರೋಲ್ ಟವರಿನ ಗಾಜು ಮೇಲ್ಗಡೆ ಹೊರಕ್ಕೆ ವಾಲಿರೋದನ್ನು ನೋಡಿರುತ್ತೀರಿ. ಅದು ಅಂದಕ್ಕಲ್ಲ. ಹಾಗೆ ಸುಮಾರು 15 ಡಿಗ್ರಿ ವಾಲಿಸಿದರೆ ಒಳಗಿನ ಪ್ರತಿಬಿಂಬ ಕಣ್ಣಿಗೆ ಬಡಿಯದೆ ಬೇರೆ ಕಡೆ ಹೋಗುತ್ತದೆ. ನಮ್ಮದನ್ನೂ ಹಾಗೇ ವಾಲಿಸಿದರು, ಒಳಗಿನ ಗೋಡೆಗೆ ಗಾಢ ಬಣ್ಣ ಬಳಿದರು. ನಾನಂತೂ ಹವಾ ಚೆನ್ನಾಗಿದ್ದರೆ ಗಾಜು ಸರಿಸಿಯೇ ಕೂರುತ್ತೇನೆ. ಕಿವಿಯೂ ಕೆಲಸ ಮಾಡಬೇಕಲ್ಲ.

ಚಿಕಿತ್ಸೆಯ ಕೋಣೆಯ ಬಾಗಿಲಿಗೆ ನಾನೇ ರೋಗಿ. ಬೆನ್ನುಮೂಳೆ ಏಟಾದವರನ್ನು ಮಲಗಿಸುವ ಹಲಗೆ ಆರು ಅಡಿ ಉದ್ದ. ಗೋಡೆ ಕಟ್ಟುವ ಮೊದಲು ಮರಳಿನ ಮೇಲೆ ಸುಣ್ಣದ ಗೆರೆ ಹಾಕಿ, ನನ್ನನ್ನು ಹಲಗೆಗೆ ಬಿಗಿದು, ನಾಲ್ವರು ಹೊತ್ತು ಒಳಗೆ ತಂದರು. ಬಾಗಿಲ ಎದುರೇ ಗೋಡೆ ಇತ್ತು, ತಿರುಗಿಸೋಕೆ ಆಗದೆ ಗೆರೆ ತುಳಿದು ನಿಂತರು. "ಅಣ್ಣ ಗೋಡೆಯೊಳಗೆ ಹೋದ" ಅಂತ ಒಬ್ಬ ನಕ್ಕ. ಬಾಗಿಲನ್ನು ಇನ್ನೊಂದು ಗೋಡೆಗೆ ತಂದೆವು, ಅಗಲ ಮಾಡಿದೆವು, ಮೆಟ್ಟಿಲಿನ ಬದಲು ಇಳಿಜಾರು ಹಾಕಿಸಿದೆವು. ಸಾಮಾನಿನ ಕೋಣೆಯಲ್ಲೂ ಹೀಗೇ ಒಂದು ಯಡವಟ್ಟು. ನೀರಿನಲ್ಲಿ ತೇಲಿಸಿಕೊಂಡು ಹೋಗುವ ರೆಸ್ಕ್ಯೂ ಬೋರ್ಡ್ 3.2 ಮೀಟರ್ ಉದ್ದ, ಕೋಣೆ 3. ಬೋರ್ಡನ್ನು ಓರೆಯಾಗಿ ಇಡಬಹುದಲ್ಲ ಅಂದರು. ಓಡಿ ಬಂದು ಓರೆಯಾಗಿ ಎಳೆದು ನೋಡಿ ಸರ್ ಅಂದೆ.

ದೀಪದ ವಿಷಯ ಮಾತ್ರ ನಮಗೆ ಹೊಳೆದೇ ಇರಲಿಲ್ಲ. ಕಡಲಾಮೆ ಮರಿಗಳು ಮೊಟ್ಟೆಯೊಡೆದು ಬಂದು ಬೆಳಕಿರುವ ಕಡೆ ಹೋಗುತ್ತವೆ. ಕತ್ತಲ ರಾತ್ರಿಯಲ್ಲಿ ಅದು ಕಡಲಿನ ಕಡೆ. ನಾವು ಬಿಳಿ ದೀಪ ಉರಿಸಿದರೆ ಅವು ನಮ್ಮ ಕಡೆ ನಡೆದು ಬಂದು ದಾರಿ ತಪ್ಪಿ ಸಾಯುತ್ತವೆ. ಅರಣ್ಯದವರು ಹೇಳಿದ ಮೇಲೆ ಕೆಳಕ್ಕೆ ಮುಖ ಮಾಡಿದ ಕೆಂಪು-ಹಳದಿ ಛಾಯೆಯ ದೀಪ ಹಾಕಿದರು.

ಕುರ್ಚಿಯನ್ನು ಕೊನೆಗೆ ತಂದರು. ಮೊದಲ ಬೆಳಿಗ್ಗೆ ಕೂತಾಗ ನನಗೆ ಗೊತ್ತಿಲ್ಲದೆಯೇ ಎಡಕ್ಕೆ ಬಾಗಿದೆ. ಅಲ್ಲಿ ಕಂಬ ಇರಲಿಲ್ಲ, ಛಾವಣಿಯ ಭಾರವೆಲ್ಲ ಹಿಂದಿನ ಎರಡು ಕಂಬದ ಮೇಲೆ. ಹುಡುಗರು ನೋಡಿ ನಕ್ಕರು. ಈಗಲೂ ದಿನಕ್ಕೊಂದೆರಡು ಸಲ ಬಾಗುತ್ತೇನೆ.

ಎರಡು ತಿಂಗಳಿಗೆ ಸೆಳೆತ ಮತ್ತೆ ಜಾಗ ಬದಲಿಸಿತು. ಒಂದು ಟವರನ್ನು 60 ಹೆಜ್ಜೆ ಆಚೆ ಎಳೆದೆವು. ಮೊದಲ ಸಲ ಟ್ರ್ಯಾಕ್ಟರಿನ ಚಕ್ರ ಹೂತು ಅರ್ಧ ದಿನ ಹಾಳಾಯಿತು. ಈಗ ಟಯರಿನ ಗಾಳಿ ಇಳಿಸಿಕೊಂಡು ಬರುತ್ತಾರೆ.

ಉದ್ಘಾಟನೆ ಆದ ಮರುದಿನ ಬಂದು ನೋಡಿದರೆ ಟವರಿನ ಮುಂದಿನ ಕಂಬಿಗೆ ಒಂದು ದೊಡ್ಡ ಬ್ಯಾನರ್ ಕಟ್ಟಿದ್ದರು. ಸ್ವಾಗತ ಕೋರುವ ಬ್ಯಾನರ್. ಕುರ್ಚಿಯಲ್ಲಿ ಕೂತರೆ ದಡದ ಮೊದಲ 20 ಮೀಟರ್ ನೀರು ಅದರ ಹಿಂದೆ. ತಂತಿ ಬಿಗಿದು ಕಟ್ಟಿದ್ದರು, ಕೈಯಲ್ಲಿ ಬಿಚ್ಚಲಾಗಲಿಲ್ಲ. ಟ್ರ್ಯಾಕ್ಟರಿನವನ ಹತ್ತಿರ ಕಟಿಂಗ್ ಪ್ಲೇಯರ್ ಇಸಿದುಕೊಂಡು ಕತ್ತರಿಸಿದೆ. ಮುಂದಿನ ವಾರ ಇನ್ನೊಂದು ಬಂತು. ಅದನ್ನೂ ತೆಗೆದೆ. ಕಟಿಂಗ್ ಪ್ಲೇಯರ್ ಅವನಿಗೆ ವಾಪಸ್ ಕೊಟ್ಟಿಲ್ಲ. ಕುರ್ಚಿಯ ಪಕ್ಕ, ಸೀಟಿ ಮತ್ತು ಬೈನಾಕ್ಯುಲರ್ ನೇತುಹಾಕುವ ಕೊಕ್ಕೆಯಲ್ಲೇ ಅದೂ ಇದೆ.